ಗೆದ್ದ ಮೇಲಿನ ದಿನಗಳು: ‘ಅಡ್ವೆಂಟ್ ಚಿಲ್ಡ್ರನ್’ ನೋಡುವವರಿಗೊಂದು ಪರಿಚಯ

‘ಫೈನಲ್ ಫ್ಯಾಂಟಸಿ 7: ಅಡ್ವೆಂಟ್ ಚಿಲ್ಡ್ರನ್’ ಎಂಬ ಜಪಾನಿ ಅನಿಮೇಷನ್ ಚಿತ್ರದ ಹೊಗಳಿಕೆ ಕೇಳಿ ನೋಡಲು ಕೂತವರು ಅರ್ಧ ಗಂಟೆಯೊಳಗೆ ಕೈಚೆಲ್ಲುವುದುಂಟು. ಬೆಳ್ಳಿ ಕೂದಲಿನ ಮೂವರು ಹುಡುಗರು ಅಮ್ಮ ಎಲ್ಲಿ ಎಂದು ಕೇಳುತ್ತ ಬೈಕಿನಲ್ಲಿ ಸುತ್ತುತ್ತಾರೆ. ಬಿಳಿ ಬಟ್ಟೆಯಲ್ಲಿ ಮುಖ ಮರೆಸಿಕೊಂಡು ಗಾಲಿಕುರ್ಚಿಯಲ್ಲಿ ಕೂತ ಒಬ್ಬ ಯಾವುದೋ ಹಳೆಯ ಲೆಕ್ಕದ ಮಾತಾಡುತ್ತಾನೆ. ನಾಯಕ ಬಾಯಿ ಬಿಡುವುದೇ ಅಪರೂಪ. ಯಾರು ಯಾರಿಗೆ ಏನಾಗಬೇಕು, ಯಾರ ಮೇಲೆ ಯಾರಿಗೆ ಸಿಟ್ಟು ಎಂಬುದೊಂದೂ ತಿಳಿಯುವುದಿಲ್ಲ. ಇದರಲ್ಲಿ ನೋಡುಗರ ತಪ್ಪೇನೂ ಇಲ್ಲ. ಈ ಚಿತ್ರ ಒಂದು ವಿಡಿಯೊ ಗೇಮ್‌ನ ಮುಂದಿನ ಕಥೆ, ಆ ಗೇಮ್ ಆಡಿ ಮುಗಿಸಿದವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡಿದ್ದು. ಈ ಲೋಕವನ್ನು ಹಿಂದೊಮ್ಮೆ ಪ್ರೀತಿಸಿದವರಿಗೆ ಇದು ಅರ್ಪಣೆ ಎಂದು ಚಿತ್ರವೇ ಆರಂಭದಲ್ಲಿ ಬರೆದು ತೋರಿಸುತ್ತದೆ.

ಗೇಮ್ ಆಡದವರಿಗೆ ಇಲ್ಲಿ ಜಾಗವಿಲ್ಲ ಎಂದು ಇದರರ್ಥವಲ್ಲ. ಹಿಂದಿನ ಕಥೆಯಲ್ಲಿ ತಿಳಿದಿರಲೇಬೇಕಾದದ್ದು ಸ್ವಲ್ಪವೇ. ಅದನ್ನು ನಿಧಾನವಾಗಿ ಹೇಳುತ್ತೇನೆ.

ಮೊದಲು ಆ 7ರ ಬಗ್ಗೆ. ಏಳನೆಯದು ಎಂದರೆ ಹಿಂದಿನ ಆರನ್ನೂ ಆಡಿರಬೇಕೇ ಎಂದು ಹೊಸಬರು ಹೆದರುತ್ತಾರೆ. ಬೇಕಿಲ್ಲ. 1987ರಲ್ಲಿ ಹಿರೊನೊಬು ಸಾಕಾಗುಚಿ ಅವರ ಮುಂದಾಳತ್ವದಲ್ಲಿ ಶುರುವಾದ ಈ ಸರಣಿಯಲ್ಲಿ ಸಂಖ್ಯೆ ಬದಲಾದಾಗಲೆಲ್ಲ ಊರು, ಜನ, ಕಾಲ ಎಲ್ಲವೂ ಹೊಸದು. ಆರನೆಯದರ ಕಥೆಗೂ ಏಳನೆಯದರ ಕಥೆಗೂ ನಂಟಿಲ್ಲ. ನಮ್ಮ ಚಿತ್ರಕ್ಕೆ ಬೇಕಾದದ್ದು ಏಳನೆಯದೊಂದೇ.

ಆ ಏಳನೆಯ ಗೇಮ್ ಜಪಾನಿನ ಸ್ಕ್ವೇರ್ ಕಂಪನಿಯದು. 1997ರ ಜನವರಿ 31ರಂದು ಸೋನಿಯ ಪ್ಲೇಸ್ಟೇಷನ್‌ಗೆ ಮೂರು ಸಿಡಿಗಳಲ್ಲಿ ಬಂತು. ನಿರ್ದೇಶನ ಯೊಶಿನೊರಿ ಕಿತಾಸೆ, ಸಂಗೀತ ನೊಬುವೊ ಉಎಮತ್ಸು, ಪಾತ್ರಗಳ ರೂಪರೇಖೆ ತೆತ್ಸುಯಾ ನೊಮುರಾ. ಇಂದು ತೆಗೆದು ನೋಡಿದರೆ ಪಾತ್ರಗಳು ಚೌಕಾಕಾರದ ಮರದ ಗೊಂಬೆಗಳ ಹಾಗಿವೆ. ಕೈಗಳಿಗೆ ಬೆರಳಿಲ್ಲ, ಮುಖದಲ್ಲಿ ಭಾವನೆ ತೋರಿಸಲು ಜಾಗವೇ ಇಲ್ಲ. ಮಾತೆಲ್ಲ ನೀಲಿ ಪೆಟ್ಟಿಗೆಯೊಳಗಿನ ಅಕ್ಷರ. ಒಂದು ಪಾತ್ರಕ್ಕೂ ದನಿಯಿಲ್ಲ. ದುಃಖವಾದರೆ ತಲೆ ಬಗ್ಗಿಸುವುದು, ಬೇಸರವಾದರೆ ಹೆಗಲು ಕುಣಿಸುವುದು, ಅಷ್ಟರಲ್ಲೇ ಅಭಿನಯ ಮುಗಿಯಬೇಕು. ಉಳಿದದ್ದನ್ನು ಉಎಮತ್ಸು ಅವರ ಸಂಗೀತ ಮತ್ತು ಆಡುವವರ ಕಲ್ಪನೆ ತುಂಬಿಕೊಡುತ್ತಿದ್ದವು. ಜನ ಅದನ್ನು ಅಷ್ಟೊಂದು ಹಚ್ಚಿಕೊಂಡದ್ದಕ್ಕೆ ಈ ತುಂಬಿಕೊಳ್ಳುವ ಕೆಲಸವೂ ಒಂದು ಕಾರಣ ಎಂದು ನನ್ನ ನಂಬಿಕೆ. ಕಥೆಯನ್ನು ಮುಗಿಸಲು ಸುಮಾರು 40 ಗಂಟೆ ಬೇಕು. ಅಷ್ಟು ಹೊತ್ತು ಒಬ್ಬರ ಜೊತೆ ನಡೆದಾಡಿದರೆ ಆ ಮರದ ಗೊಂಬೆಯೂ ಮನೆಯವರಲ್ಲೊಬ್ಬರಾಗುತ್ತದೆ.

ಕಥೆ ಶುರುವಾಗುವುದು ಮಿಡ್ಗಾರ್ ಎಂಬ ಉಕ್ಕಿನ ನಗರದಲ್ಲಿ. ಶಿನ್ರಾ ಎಂಬ ವಿದ್ಯುತ್ ಕಂಪನಿ ಅಲ್ಲಿ ಸರ್ಕಾರಕ್ಕಿಂತ ದೊಡ್ಡದು. ಅದು ನೆಲದಾಳದಿಂದ ಮಾಕೊ ಎಂಬ ಶಕ್ತಿಯನ್ನು ಎತ್ತಿ ಕರೆಂಟು ಮಾಡುತ್ತದೆ. ಆದರೆ ಮಾಕೊ ಎಂಬುದು ಆ ಗ್ರಹದ ಜೀವರಸ. ಸತ್ತವರೆಲ್ಲ ಹೋಗಿ ಸೇರುವ, ಹುಟ್ಟುವವರೆಲ್ಲ ಎದ್ದು ಬರುವ ಒಂದು ಜೀವಪ್ರವಾಹ ನೆಲದಡಿ ಹರಿಯುತ್ತಿದೆ. ಕಂಪನಿ ಹೀರುತ್ತಿರುವುದು ಅದನ್ನೇ. ನಗರದ ಮೇಲ್ಭಾಗ ದೊಡ್ಡ ತಟ್ಟೆಗಳ ಮೇಲೆ ನಿಂತಿದೆ, ಕೆಳಗೆ ಬಿಸಿಲು ಕಾಣದ ಕೊಳೆಗೇರಿ. ಬ್ಯಾರೆಟ್ ಎಂಬವನ ಮುಂದಾಳತ್ವದಲ್ಲಿ ಕೆಲವರು ಶಿನ್ರಾದ ಸ್ಥಾವರಗಳಿಗೆ ಬಾಂಬ್ ಇಡುತ್ತಾರೆ. ಆ ಗುಂಪಿನಲ್ಲಿ ಬಾರ್ ನಡೆಸುವ ಟೀಫಾ ಇದ್ದಾಳೆ. ದುಡ್ಡಿಗಾಗಿ ಬಂದು ಸೇರಿದ ಕ್ಲೌಡ್ ಇದ್ದಾನೆ. ಆಡುವವರು ನಡೆಸುವುದು ಇವನನ್ನು. ಶಿನ್ರಾ ಸೇಡಿಗಾಗಿ ಒಂದು ತಟ್ಟೆಯನ್ನೇ ಕೆಡವಿ ಕೆಳಗಿನ ಕೊಳೆಗೇರಿಯನ್ನು ಜನಸಮೇತ ಹೊಸಕಿಹಾಕುತ್ತದೆ. ಈ ಕುಸಿತವನ್ನು ನೆನಪಿಡಿ, ಚಿತ್ರದಲ್ಲಿ ಅದರ ಫಲ ಬರುತ್ತದೆ.

ಖಳನ ಹೆಸರು ಸೆಫಿರಾತ್. ಸಾವಿರಾರು ವರ್ಷಗಳ ಹಿಂದೆ ಆಕಾಶದಿಂದ ಬಿದ್ದ ಜೆನೋವಾ ಎಂಬ ಪೀಡೆಯ ಜೀವಕೋಶಗಳನ್ನು ಗರ್ಭದಲ್ಲೇ ಚುಚ್ಚಿ ಶಿನ್ರಾದ ವಿಜ್ಞಾನಿಗಳು ತಯಾರಿಸಿದ ಸೈನಿಕ ಇವನು. ಜೆನೋವಾಳೇ ತನ್ನ ತಾಯಿ ಎಂದು ನಂಬಿ ಹುಚ್ಚನಾಗುತ್ತಾನೆ, ಕ್ಲೌಡ್ ಮತ್ತು ಟೀಫಾರ ಹುಟ್ಟೂರನ್ನು ಸುಡುತ್ತಾನೆ. ಚಿತ್ರದಲ್ಲಿ ಆ ಮೂವರು ಹುಡುಗರು ಹುಡುಕುವ ಅಮ್ಮ ಇವಳೇ.

ಇನ್ನು ಏರಿತ್. 1997ರ ಇಂಗ್ಲಿಷ್ ಆವೃತ್ತಿಯಲ್ಲಿ ಇವಳನ್ನು ಏರಿಸ್ ಎಂದು ಬರೆದಿದ್ದರು, ಇಬ್ಬರೂ ಒಬ್ಬಳೇ. ಮಿಡ್ಗಾರ್‌ನಲ್ಲಿ ಹೂ ಮಾರುವ ಹುಡುಗಿ. ಕೊಳೆಗೇರಿಯ ಒಂದು ಹಾಳು ಚರ್ಚಿನಲ್ಲಿ, ನೆಲದ ಹಲಗೆ ಮುರಿದ ಕಡೆ ಅವಳು ಹೂ ಬೆಳೆಯುತ್ತಾಳೆ. ಆ ನಗರದಲ್ಲಿ ಹೂ ಅರಳುವುದೇ ವಿಶೇಷ. ಕ್ಲೌಡ್ ಒಮ್ಮೆ ಮೇಲಿನಿಂದ ಬಿದ್ದು ಸೂರು ಒಡೆದುಕೊಂಡು ಆ ಹೂವಿನ ಮೇಲೇ ಬರುತ್ತಾನೆ. ಅವರ ಸ್ನೇಹ ಬೆಳೆಯುವುದು ಅಲ್ಲಿಂದ. ಗ್ರಹದ ಜೊತೆ ಮಾತಾಡಬಲ್ಲ ಪ್ರಾಚೀನ ಕುಲದ ಕೊನೆಯವಳು ಅವಳು ಎಂಬುದು ಆಮೇಲೆ ತಿಳಿಯುತ್ತದೆ.

ಮೊದಲ ಸಿಡಿಯ ಕೊನೆಯಲ್ಲಿ ಅವಳು ಸಾಯುತ್ತಾಳೆ. ವಿಡಿಯೊ ಗೇಮ್‌ಗಳ ಚರಿತ್ರೆಯಲ್ಲಿ ಇದಕ್ಕಿಂತ ಹೆಚ್ಚು ಚರ್ಚೆಯಾದ ಸಾವು ಇರಲಾರದು. ಅದು ನಡೆಯುವ ರೀತಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಪಾಳುಬಿದ್ದ ಒಂದು ಪ್ರಾಚೀನ ನಗರ, ನೀರಿನ ನಡುವೆ ಒಂದು ವೇದಿಕೆ, ಅದರ ಮೇಲೆ ಮಂಡಿಯೂರಿ ಗ್ರಹದ ರಕ್ಷಣೆಗಾಗಿ ಪ್ರಾರ್ಥಿಸುತ್ತಿರುವ ಏರಿತ್. ಕ್ಲೌಡ್ ಹತ್ತಿರ ಹೋಗುತ್ತಾನೆ. ಆಗ ಅವನ ಮೈ ಅವನ ಹಿಡಿತದಲ್ಲಿ ಇರುವುದಿಲ್ಲ, ಸೆಫಿರಾತ್‌ನ ವಶದಲ್ಲಿರುತ್ತದೆ. ಆಡುತ್ತಿರುವವರು ಗುಂಡಿ ಒತ್ತಿದಷ್ಟೂ ಅವನ ಕತ್ತಿ ಅವಳ ತಲೆಯ ಮೇಲೆ ಏಳುತ್ತದೆ. ಒತ್ತುತ್ತಿರುವ ಬೆರಳು ನಮ್ಮದೇ. ಗೆಳೆಯರು ಕೂಗಿಕೊಂಡಾಗ ಅವನಿಗೆ ಎಚ್ಚರವಾಗುತ್ತದೆ, ಅವಳು ಕಣ್ತೆರೆದು ನಗುತ್ತಾಳೆ. ಮರುಕ್ಷಣ ಸೆಫಿರಾತ್ ಮೇಲಿನಿಂದ ಇಳಿದು ತನ್ನ ಉದ್ದ ಕತ್ತಿಯನ್ನು ಅವಳ ಬೆನ್ನಿಗೆ ತೂರುತ್ತಾನೆ. ಅವಳ ಜಡೆಯಿಂದ ಬಿಳಿಯ ಗೋಲಿಯೊಂದು ಉದುರಿ, ಮೆಟ್ಟಿಲ ಮೇಲೆ ಪುಟಿಯುತ್ತ ನೀರಿಗೆ ಬೀಳುತ್ತದೆ. ತಕ್ಷಣವೇ ಒಂದು ಕಾಳಗ ಶುರುವಾಗುತ್ತದೆ. ಆದರೆ ಕಾಳಗದ ಅಬ್ಬರದ ಸಂಗೀತ ಬರುವುದಿಲ್ಲ. ಏರಿತ್‌ಳ ರಾಗವೇ ಹರಿಯುತ್ತಿರುತ್ತದೆ. ಆಡುವವರು ಅದನ್ನು ಕೇಳುತ್ತಲೇ ಹೊಡೆದಾಡಬೇಕು. ಆಮೇಲೆ ಕ್ಲೌಡ್ ಅವಳನ್ನು ಎತ್ತಿಕೊಂಡು ಹೋಗಿ ನೀರಿಗೆ ಬಿಡುತ್ತಾನೆ.

ಗೇಮ್‌ನಲ್ಲಿ ಸತ್ತ ಪಾತ್ರಗಳನ್ನು ಮದ್ದು ಹಾಕಿ ಎಬ್ಬಿಸುವುದು ದಿನನಿತ್ಯದ ಕೆಲಸ. ಅವಳು ಮಾತ್ರ ಏಳಲಿಲ್ಲ. ಗಂಟೆಗಟ್ಟಲೆ ಆಡಿ ಅವಳಿಗೆ ಗಳಿಸಿಕೊಟ್ಟ ಬಲವೆಲ್ಲ ಹೋಯಿತು, ಪಟ್ಟಿಯಲ್ಲಿ ಅವಳ ಹೆಸರೇ ಇಲ್ಲವಾಯಿತು. ಉಳಿದ ಎರಡು ಸಿಡಿಗಳನ್ನು ಆ ಖಾಲಿ ಜಾಗದೊಂದಿಗೇ ಆಡಬೇಕು.

ಕೊನೆಯಲ್ಲಿ ಸೆಫಿರಾತ್ ಸೋಲುತ್ತಾನೆ, ಗ್ರಹ ಉಳಿಯುತ್ತದೆ. ಅವನು ಕರೆಸಿದ್ದ ಉಲ್ಕೆಯನ್ನು ತಡೆಯಲು ನೆಲದಡಿಯಿಂದ ಜೀವಪ್ರವಾಹವೇ ಎದ್ದು ಬರುತ್ತದೆ. ಅಲ್ಲಿಗೆ ತೆರೆ. ಜನ ಬದುಕಿದರೇ, ಗೆಳೆಯರೆಲ್ಲ ಏನಾದರು ಎಂದು ಗೇಮ್ ಹೇಳುವುದಿಲ್ಲ. 500 ವರ್ಷಗಳ ನಂತರದ ಒಂದು ನೋಟ ಮಾತ್ರ ಕಾಣುತ್ತದೆ: ಗೆಳೆಯರ ಗುಂಪಿನಲ್ಲಿದ್ದ, ಕೆಂಪು ಮೈಯ ಮಾತಾಡುವ ಮೃಗ ಎರಡು ಮರಿಗಳೊಂದಿಗೆ ಬೆಟ್ಟದ ತುದಿಗೆ ಓಡಿ ಬಂದು, ಗಿಡಬಳ್ಳಿ ಮುಸುಕಿದ ಮಿಡ್ಗಾರ್ ಕಡೆಗೆ ಗರ್ಜಿಸುತ್ತದೆ. ಆಡಿದವರು ಎಂಟು ವರ್ಷ ಆ ಪ್ರಶ್ನೆಯನ್ನು ಹೊತ್ತುಕೊಂಡೇ ಇದ್ದರು.

ಈ ನಡುವೆ ಸ್ಕ್ವೇರ್ ಒಂದು ಸಿನಿಮಾ ಮಾಡಿತ್ತು. 2001ರ ‘ದಿ ಸ್ಪಿರಿಟ್ಸ್ ವಿದಿನ್’, ಸಾಕಾಗುಚಿಯವರದೇ ನಿರ್ದೇಶನ. ಹವಾಯಿಯ ಹೊನೊಲುಲುವಿನಲ್ಲಿ ಸ್ಟುಡಿಯೊ ಕಟ್ಟಿ, ಸುಮಾರು 13.7 ಕೋಟಿ ಡಾಲರ್ ಸುರಿದು, ಚರ್ಮದ ಸುಕ್ಕು, ಕೂದಲೆಳೆಯವರೆಗೆ ನಿಜ ಮನುಷ್ಯರಂತೆ ಕಾಣುವ ಪಾತ್ರಗಳನ್ನು ತಯಾರಿಸಿದರು. ಕಥೆಗೂ ಯಾವ ಗೇಮ್‌ಗೂ ಸಂಬಂಧವಿರಲಿಲ್ಲ. ಹಾಕಿದ ದುಡ್ಡು ಹುಟ್ಟಲಿಲ್ಲ, ಸ್ಟುಡಿಯೊ ಮುಚ್ಚಿತು. 2003ರಲ್ಲಿ ಸ್ಕ್ವೇರ್ ಕಂಪನಿ ಎನಿಕ್ಸ್ ಜೊತೆ ವಿಲೀನವಾಯಿತು. ಅಂಥ ಪೆಟ್ಟು ತಿಂದ ಮೇಲೂ ಅವರು ಮತ್ತೆ ಅನಿಮೇಷನ್‌ಗೆ ಕೈಹಾಕಿದ್ದು ಮೆಚ್ಚತಕ್ಕದ್ದು. ಈ ಸಲ ದೊಡ್ಡ ಪರದೆಯ ಆಸೆ ಇರಲಿಲ್ಲ. ಗೇಮ್‌ಗಳ ನಡುವೆ ಬರುವ ದೃಶ್ಯಗಳನ್ನು ಮಾಡುತ್ತಿದ್ದ ಕಂಪನಿಯ ಒಳಗಿನ ತಂಡ, ಮನೆಯಲ್ಲಿ ನೋಡುವ ಡಿವಿಡಿ, ಹಳೆಯ ಪಾತ್ರಗಳು. ಸುಮಾರು 20 ನಿಮಿಷದ ಕಿರುಚಿತ್ರವೆಂದು ಶುರುವಾದದ್ದು ಬೆಳೆದು ಪೂರ್ಣ ಚಿತ್ರವಾಯಿತು. ನಿರ್ದೇಶನ ನೊಮುರಾ, ಜೊತೆಗೆ ತಕೇಶಿ ನೊಜುಎ. ಬರೆದವರು ಮೂಲ ಗೇಮ್‌ನ ಕಥೆಯಲ್ಲಿ ದುಡಿದಿದ್ದ ಕಜುಶಿಗೆ ನೊಜಿಮಾ. ಜಪಾನಿನಲ್ಲಿ 2005ರ ಸೆಪ್ಟೆಂಬರ್ 14ರಂದು ಬಿಡುಗಡೆಯಾಯಿತು. ಅದೇ ವರ್ಷ ವೆನಿಸ್ ಚಿತ್ರೋತ್ಸವದಲ್ಲಿ ಸ್ಪರ್ಧೆಯ ಹೊರಗಿನ ವಿಭಾಗದಲ್ಲಿ ತೋರಿಸಿದರು.

ಇನ್ನು ಚಿತ್ರಕ್ಕೆ ಬರೋಣ. ಗೇಮ್ ಮುಗಿದು ಎರಡು ವರ್ಷ ಕಳೆದಿದೆ. ಹಾಳಾದ ಮಿಡ್ಗಾರ್‌ನ ಅಂಚಿನಲ್ಲಿ, ಅದರ ಗುಜರಿಯಿಂದಲೇ ಜನ ಎಡ್ಜ್ ಎಂಬ ಹೊಸ ಊರು ಕಟ್ಟಿಕೊಂಡಿದ್ದಾರೆ. ಗ್ರಹವನ್ನು ಉಳಿಸಿದ ಕ್ಲೌಡ್ ಏನು ಮಾಡುತ್ತಿದ್ದಾನೆ? ಬೈಕಿನಲ್ಲಿ ಊರೂರಿಗೆ ಪಾರ್ಸೆಲ್ ತಲುಪಿಸುತ್ತಿದ್ದಾನೆ. ಟೀಫಾ ಮತ್ತೆ ಬಾರ್ ನಡೆಸುತ್ತ ಇಬ್ಬರು ಮಕ್ಕಳನ್ನು ಸಾಕುತ್ತಿದ್ದಾಳೆ: ಬ್ಯಾರೆಟ್‌ನ ಸಾಕುಮಗಳು ಮಾರ್ಲೀನ್, ಡೆಂಜೆಲ್ ಎಂಬ ಅನಾಥ. ಡೆಂಜೆಲ್‌ನ ತಂದೆತಾಯಿ ಸತ್ತದ್ದು ಆ ತಟ್ಟೆ ಕುಸಿದಾಗ. ಶಿನ್ರಾ ಅದನ್ನು ಕೆಡವಿದ್ದು ಬ್ಯಾರೆಟ್, ಟೀಫಾ, ಕ್ಲೌಡ್‌ರ ಗುಂಪನ್ನು ಮುಗಿಸಲೆಂದು. ತಮ್ಮ ಹೋರಾಟಕ್ಕೆ ಬಲಿಯಾದವರ ಮಗನಿಗೆ ಅವರೇ ಊಟ ಬಡಿಸಬೇಕಾಗಿದೆ. ಚಿತ್ರ ಇದನ್ನು ಒತ್ತಿ ಹೇಳುವುದಿಲ್ಲ, ಆದರೆ ಇದು ಗೊತ್ತಿದ್ದರೆ ಆ ಹುಡುಗನ ಮುಂದೆ ಕ್ಲೌಡ್ ಯಾಕೆ ಕಣ್ಣೆತ್ತಲಾರ ಎಂಬುದು ತಿಳಿಯುತ್ತದೆ.

ಊರಲ್ಲಿ ಒಂದು ರೋಗ ಹಬ್ಬಿದೆ. ಹೆಸರು ಜಿಯೊಸ್ಟಿಗ್ಮಾ. ಮೈಮೇಲೆ ಕಪ್ಪು ಗಾಯ, ಅದರಿಂದ ಸೋರುವ ಕೀವು, ತಡೆಯಲಾರದ ನೋವು. ಹೆಚ್ಚಾಗಿ ನರಳುತ್ತಿರುವವರು ಮಕ್ಕಳು. ಜೀವಪ್ರವಾಹದಲ್ಲಿ ಜೆನೋವಾಳ ಅಂಶ ಬೆರೆತದ್ದು ಇದರ ಮೂಲ. ಡೆಂಜೆಲ್‌ನ ಹಣೆಯ ಮೇಲೆ ಈ ಗಾಯವಿದೆ. ಕ್ಲೌಡ್‌ಗೂ ಎಡಗೈಯಲ್ಲಿದೆ, ತೋಳಿನ ಬಟ್ಟೆಯಡಿ ಮುಚ್ಚಿಟ್ಟುಕೊಂಡು ಯಾರಿಗೂ ಹೇಳದೆ ಮನೆ ಬಿಟ್ಟಿದ್ದಾನೆ. ಫೋನ್ ಬಂದರೆ ಎತ್ತುವುದಿಲ್ಲ. ಏರಿತ್‌ಳ ಹೂವಿನ ಚರ್ಚಿನಲ್ಲಿ ಒಬ್ಬನೇ ಮಲಗುತ್ತಾನೆ.

ಕುರುಕ್ಷೇತ್ರ ಮುಗಿದ ಮೇಲಿನ ಧರ್ಮರಾಯನನ್ನು ನೆನೆಸಿಕೊಳ್ಳಿ. ಗೆದ್ದಿದ್ದಾನೆ, ಸಿಂಹಾಸನ ಕಾದಿದೆ, ಅವನಿಗೆ ಅದರ ಮೇಲೆ ಕೂರುವ ಮನಸ್ಸಿಲ್ಲ. ಕರ್ಣ ತನ್ನ ಅಣ್ಣ ಎಂದು ತಿಳಿದ ಮೇಲಂತೂ ಕಾಡಿಗೆ ಹೋಗುತ್ತೇನೆ ಎನ್ನುತ್ತಾನೆ. ಕ್ಲೌಡ್‌ನದೂ ಅದೇ ಸ್ಥಿತಿ. ಕಣ್ಣೆದುರೇ ಹೋದ ಏರಿತ್ ಒಬ್ಬಳು. ಅದಕ್ಕೂ ಮೊದಲು ತನ್ನನ್ನು ಕಾಪಾಡಲು ಹೋಗಿ ಸತ್ತ ಗೆಳೆಯ ಜ್ಯಾಕ್ ಇನ್ನೊಬ್ಬ. ಅವನ ದೊಡ್ಡ ಕತ್ತಿ ತುಕ್ಕು ಹಿಡಿದು, ಮಿಡ್ಗಾರ್ ಕಾಣುವ ಗುಡ್ಡದ ಮೇಲೆ ಸಮಾಧಿಯ ಗುರುತಾಗಿ ನೆಟ್ಟಿದೆ. ಕಾಡಿನಲ್ಲಿ ಸಿಕ್ಕ ಹಳೆಯ ಒಡನಾಡಿ ವಿನ್ಸೆಂಟ್‌ನನ್ನು ಕ್ಲೌಡ್ ಕೇಳುತ್ತಾನೆ, ಪಾಪಕ್ಕೆ ಕ್ಷಮೆ ಉಂಟೇ ಎಂದು. ತಾನು ಪ್ರಯತ್ನಿಸಿಯೇ ನೋಡಿಲ್ಲ ಎಂದು ಅವನು ಉತ್ತರಿಸುತ್ತಾನೆ. ಇಡೀ ಚಿತ್ರದ ಮಾತುಗಳಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವುದು ಇದು. ಬೆಳ್ಳಿ ಕೂದಲಿನ ಹುಡುಗರು, ಅವರ ಬೈಕು, ಅವರ ಅಮ್ಮ, ಎಲ್ಲವೂ ಈ ಪ್ರಶ್ನೆಯ ಸುತ್ತ ಕಟ್ಟಿದ ಚಪ್ಪರ.

ಗೇಮ್‌ನಲ್ಲಿ ಸಂಕಟ ಬಂದರೆ ಗುಂಡಿ ಒತ್ತಿ ಹೊಡೆದು ಗೆಲ್ಲಬಹುದಿತ್ತು. ಗೆದ್ದ ಮೇಲೂ ಉಳಿಯುವ ನೋವಿಗೆ ಯಾವ ಗುಂಡಿ? ಕಥೆಯನ್ನು ಗೇಮ್‌ನಿಂದ ತೆಗೆದು ಸಿನಿಮಾ ಮಾಡಿದ್ದಕ್ಕೆ ನನಗೆ ಕಾಣುವ ಸಮರ್ಥನೆ ಇದೇ. ಮೊದಲು ಆಡುತ್ತಿದ್ದವರು ಈಗ ಕೈಕಟ್ಟಿ ಕೂತು ನೋಡಬೇಕು.

ಚಿತ್ರ ಹಳೆಯ ಗೇಮ್‌ನ ನೆನಪನ್ನು ಹೇಗೆ ಬಳಸುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಟೀಫಾ ಮತ್ತು ಮಾರ್ಲೀನ್ ಕ್ಲೌಡ್‌ನನ್ನು ಹುಡುಕಿಕೊಂಡು ಚರ್ಚಿಗೆ ಬಂದಾಗ, ಬೆಳ್ಳಿ ಕೂದಲಿನ ಮೂವರಲ್ಲಿ ಗಟ್ಟಿಮುಟ್ಟಾದವನಾದ ಲೋಜ್ ಅಲ್ಲಿಗೆ ಬರುತ್ತಾನೆ. ಟೀಫಾ ಕೈಗೆ ಗ್ಲೌಸ್ ಎಳೆದುಕೊಂಡು ನಿಲ್ಲುತ್ತಾಳೆ. ಹಿನ್ನೆಲೆಯಲ್ಲಿ ಪಿಯಾನೊ. ಹೊಸಬರಿಗೆ ಅದೊಂದು ಚುರುಕಾದ ರಾಗ ಅಷ್ಟೇ. ಗೇಮ್ ಆಡಿದವರಿಗೆ ಮಾತ್ರ ಅದು ನೂರಾರು ಸಲ ಕೇಳಿದ ಕಾಳಗದ ಸಂಗೀತ, ಪಿಯಾನೊದಲ್ಲಿ ಹೊಸದಾಗಿ ಹುಟ್ಟಿದ್ದು. ಗೇಮ್‌ನಲ್ಲಿ ಆ ಸಂಗೀತ ನಿಂತು, ಗೆದ್ದರೆ ತುತ್ತೂರಿಯಂಥ ಒಂದು ಪುಟ್ಟ ವಿಜಯಘೋಷ ಮೊಳಗುತ್ತದೆ. ಇಲ್ಲಿ ಟೀಫಾ ಲೋಜ್‌ನನ್ನು ಎತ್ತಿ ಅಪ್ಪಳಿಸುತ್ತಾಳೆ, ಅವನು ಮರದ ಬೆಂಚುಗಳಡಿ ಹೂತುಹೋಗುತ್ತಾನೆ. ಆಗ ಸರಿಯಾಗಿ ಅದೇ ವಿಜಯಘೋಷ ಕೇಳಿಬರುತ್ತದೆ. ಆಡಿದವರು ಉಸಿರು ಬಿಡುತ್ತಾರೆ: ಗೆದ್ದಾಯಿತು! ಆದರೆ ಅದು ಲೋಜ್‌ನ ಮೊಬೈಲಿನ ರಿಂಗ್‌ಟೋನ್. ಅವನು ಬೆಂಚುಗಳನ್ನು ಕೊಡವಿಕೊಂಡು ಎದ್ದು, ನಿಧಾನವಾಗಿ ಫೋನಿನಲ್ಲಿ ಮಾತಾಡಿ, ಮತ್ತೆ ಹೊಡೆದಾಟಕ್ಕೆ ನಿಲ್ಲುತ್ತಾನೆ. ಗೆಲುವಿನ ಸದ್ದು ಗೆಲುವಲ್ಲ ಎಂದು ಒಂದೂ ಮಾತಿಲ್ಲದೆ ಹೇಳಿದ ದೃಶ್ಯ ಇದು. ಇಷ್ಟು ತಿಳಿದಿದ್ದರೆ ಗೇಮ್ ಆಡದವರಿಗೂ ಆ ಬೆಚ್ಚುವಿಕೆ ದಕ್ಕುತ್ತದೆ.

ಇನ್ನೊಂದು ದೃಶ್ಯ ಊರ ನಡುವಿನದು. ಬಹಮುತ್ ಎಂಬ ದೈತ್ಯ ಹಾರುವ ಮೃಗ ಎಡ್ಜ್‌ನ ಮೇಲೆ ಎರಗಿದಾಗ ಚದುರಿಹೋಗಿದ್ದ ಹಳೆಯ ಗೆಳೆಯರೆಲ್ಲ ಒಬ್ಬೊಬ್ಬರಾಗಿ ಬಂದು ಸೇರುತ್ತಾರೆ. ಎಲ್ಲರೂ ತೋಳಿಗೆ ಗುಲಾಬಿ ಬಣ್ಣದ ಪಟ್ಟಿ ಕಟ್ಟಿದ್ದಾರೆ. ಏರಿತ್‌ಳ ಜಡೆಯ ರಿಬ್ಬನ್‌ನ ನೆನಪಿಗೆ. ಆಕಾಶದಲ್ಲಿರುವ ಮೃಗವನ್ನು ಮುಟ್ಟಲು ಕ್ಲೌಡ್ ಮೇಲಕ್ಕೆ ಹಾರಬೇಕು. ಒಬ್ಬರು ಅವನ ಕೈ ಹಿಡಿದು ಮೇಲಕ್ಕೆ ಎಸೆಯುತ್ತಾರೆ, ಅಲ್ಲಿ ಇನ್ನೊಬ್ಬರ ಕೈ ಕಾದಿರುತ್ತದೆ, ಅಲ್ಲಿಂದ ಮತ್ತೊಬ್ಬರದು. ಎಲ್ಲರಿಗಿಂತ ಮೇಲೆ, ಯಾರೂ ಇರಲಾಗದ ಎತ್ತರದಲ್ಲಿ, ಬೆಳಕಿನೊಳಗಿಂದ ಇನ್ನೊಂದು ಕೈ ಚಾಚುತ್ತದೆ. ಅದು ಏರಿತ್‌ಳದು. ತಾನು ಕೈಬಿಟ್ಟೆ ಎಂದು ಎರಡು ವರ್ಷ ಕೊರಗಿದವನನ್ನು ಅವಳೇ ಕೈಹಿಡಿದು ಮೇಲೆತ್ತುತ್ತಾಳೆ. ಭೌತಶಾಸ್ತ್ರದ ಪ್ರಕಾರ ಇದು ಅಸಾಧ್ಯ, ಅದನ್ನು ಕೇಳಲು ಹೋಗಬೇಡಿ.

ಕಥೆಯ ಕೊನೆಯನ್ನು ನಾನು ಹೇಳುವುದಿಲ್ಲ. ಚಿತ್ರದ ಉದ್ದಕ್ಕೂ ನೀರನ್ನು ಗಮನಿಸುತ್ತಿರಿ ಎಂದಷ್ಟೇ ಹೇಳುತ್ತೇನೆ: ಏರಿತ್‌ಳನ್ನು ಬಿಟ್ಟ ನೀರು, ಬೆಳ್ಳಿ ಕೂದಲಿನ ಮೂವರಲ್ಲೊಬ್ಬನಾದ ಕಡಾಜ್ ಮಕ್ಕಳಿಗೆ ಕುಡಿಸುವ ಕಪ್ಪು ನೀರು, ಕ್ಲೌಡ್‌ನ ಫೋನ್ ಮುಳುಗುವ ನೀರು.

ಚಿತ್ರದ ಕೊರತೆಗಳನ್ನೂ ಹೇಳಬೇಕು. ಕಾಳಗಗಳು ಅತಿಯಾದವು. ಬೈಕುಗಳ ಬೆನ್ನಟ್ಟುವಿಕೆ, ಗಾಳಿಯಲ್ಲಿ ನಿಂತು ಕತ್ತಿ ಬೀಸುವುದು ಕಣ್ಣಿಗೆ ಹಬ್ಬ, ನಿಜ. ಆದರೆ ಒಂದು ಹಂತದ ನಂತರ ಯಾರಿಗೂ ಗಾಯವಾಗುವುದಿಲ್ಲ ಎಂದು ಗೊತ್ತಾಗಿ ಭಯ ಹೋಗುತ್ತದೆ. ಮೂವರು ಹುಡುಗರಲ್ಲಿ ಕಡಾಜ್‌ಗೆ ಮಾತ್ರ ಒಂದಿಷ್ಟು ಜೀವವಿದೆ, ಉಳಿದಿಬ್ಬರು ಅವನ ನೆರಳು. ಅದಕ್ಕಿಂತ ನನಗೆ ಬೇಸರ ತಂದದ್ದು ಬೇರೆ. ಬ್ಯಾರೆಟ್ ಒಂದು ಕಡೆ ಫೋನಿನಲ್ಲಿ ದೊಡ್ಡ ತೈಲ ನಿಕ್ಷೇಪ ಸಿಕ್ಕಿದೆ ಎಂದು ಸಂತೋಷಪಡುತ್ತಾನೆ. ಭೂಮಿಯ ರಸ ಹೀರುವ ಕಂಪನಿಗೆ ಬಾಂಬ್ ಇಟ್ಟವನು ಈಗ ಎಣ್ಣೆ ಬಾವಿ ಹುಡುಕುತ್ತಿದ್ದಾನೆ! ಮಾಕೊ ಬಿಟ್ಟ ಜನ ದೀಪ ಉರಿಸುವುದು ಹೇಗೆ ಎಂಬ ಎಷ್ಟು ದೊಡ್ಡ ಪ್ರಶ್ನೆ ಇದು. ಚಿತ್ರ ಅದನ್ನು ಒಂದು ವಾಕ್ಯದಲ್ಲಿ ದಾಟಿಹೋಗುತ್ತದೆ. ಮೂಲ ಗೇಮ್‌ನ ಬೆನ್ನೆಲುಬಾಗಿದ್ದ ಪರಿಸರದ ಸಿಟ್ಟು ಇಲ್ಲಿ ತೆಳುವಾಗಿದೆ.

ಕೊನೆಗೆ, ಯಾವ ಆವೃತ್ತಿ ನೋಡಬೇಕು? 2005ರದು ಸುಮಾರು 101 ನಿಮಿಷ. 2009ರಲ್ಲಿ ಬ್ಲೂ-ರೇಯಲ್ಲಿ ‘ಅಡ್ವೆಂಟ್ ಚಿಲ್ಡ್ರನ್ ಕಂಪ್ಲೀಟ್’ ಬಂತು, ಅದು 126 ನಿಮಿಷ. ಹೆಚ್ಚಾದ ಹೊತ್ತಿನಲ್ಲಿ ಕೆಲವು ಕಾಳಗಗಳು ಉದ್ದವಾಗಿವೆ, ಆದರೆ ಡೆಂಜೆಲ್‌ನ ಹಿನ್ನೆಲೆಗೂ ಜಾಗ ಸಿಕ್ಕಿದೆ. ಹೊಸಬರು ಇದನ್ನೇ ನೋಡಬೇಕು, ಇದರಲ್ಲಿ ನನಗೆ ಎರಡು ಮಾತಿಲ್ಲ. ಜಪಾನಿ ಧ್ವನಿಯಲ್ಲಿಟ್ಟು ಸಬ್‌ಟೈಟಲ್ ಹಾಕಿಕೊಳ್ಳಿ. ಕ್ಲೌಡ್‌ಗೆ ದನಿ ಕೊಟ್ಟ ತಕಾಹಿರೊ ಸಕುರಾಯ್ ಅವರ ತಡವರಿಕೆಗಳಲ್ಲಿ ಪಾತ್ರದ ಅರ್ಧ ಇದೆ. 2020ರಲ್ಲಿ ಬಂದ ‘ರೀಮೇಕ್’, 2024ರ ‘ರಿಬರ್ತ್’ ಗೇಮ್‌ಗಳನ್ನು ಈಗ ಆಡುತ್ತಿರುವವರು ನೆನಪಿಡಬೇಕಾದ ಮಾತೊಂದಿದೆ: ಅವು ಮೂಲ ಕಥೆಯನ್ನು ಭಾಗಭಾಗವಾಗಿ ಹೊಸದಾಗಿ ಹೇಳುತ್ತಿವೆ, ಚಿತ್ರ ಆ ಕಥೆ ಪೂರ್ತಿ ಮುಗಿದ ನಂತರದ್ದು. ಆ ಗೇಮ್‌ಗಳ ಕುತೂಹಲ ಉಳಿಸಿಕೊಳ್ಳುವ ಆಸೆಯಿದ್ದರೆ ಚಿತ್ರವನ್ನು ಆಮೇಲೆ ನೋಡಿ. ಅನಿಮೇಷನ್ ತಾನೇ ಎಂದು ತೀರಾ ಚಿಕ್ಕ ಮಕ್ಕಳನ್ನು ಜೊತೆಗೆ ಕೂರಿಸಿಕೊಳ್ಳಬೇಡಿ. ರೋಗದಲ್ಲಿ ನರಳುವ ಮಕ್ಕಳ ದೃಶ್ಯಗಳು ಅವರನ್ನು ಹೆದರಿಸುತ್ತವೆ. ಹದಿಮೂರು ದಾಟಿದವರು ಧಾರಾಳವಾಗಿ ನೋಡಬಹುದು. ನೋಡುವ ಮೊದಲು ಏರಿತ್ ಯಾರೆಂದು ಮಾತ್ರ ಅವರಿಗೆ ಹೇಳಿ.